ದೀಪದ ಕೆಳಗಿನ ಚುಕ್ಕಿ

ಒಂದೇ ತಗಡಿನ ಮಾಡಿನ ಕೆಳಗೆ ಎರಡು ಅಂಗಡಿಗಳು. ಎಡಗಡೆಯದು ಗಂಡನದು, ಅಲ್ಲಿ ವಾಹನಗಳಿಗೆ ಬಣ್ಣ ಹೊಡೆಯುತ್ತಾರೆ. ಬಲಗಡೆಯದು ಹೆಂಡತಿಯದು, ಅಲ್ಲಿ ವಾಹನಗಳ ವೈರಿಂಗ್ ರಿಪೇರಿ. ನಡುವಿನ ಕುರ್ಚಿ ಅತ್ತೆಯದು. ಎಂಬತ್ತೆರಡರ ಅತ್ತೆ ಅಲ್ಲಿ ಕುಳಿತು ಉಣ್ಣೆ ಹೆಣೆಯುತ್ತಾ, ಎರಡೂ ಅಂಗಡಿಗಳ ಕೆಲಸದಲ್ಲಿ ಸಮನಾಗಿ ಕೊಂಕು ಹುಡುಕುತ್ತಾರೆ.

ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಫ್ಯೂಸಕ್ಕ. ಮೋಟಾರು ಕಾರ್ಖಾನೆಯಲ್ಲಿ ಆರು ವರ್ಷ ತಾಮ್ರದ ತಂತಿ ಸುತ್ತಿದವಳು. ಕಾರ್ಖಾನೆ ಮುಚ್ಚಿದ ಮರುವಾರವೇ ಗಂಡನ ಶೆಡ್ಡಿನ ಅರ್ಧ ಭಾಗ ಗುಡಿಸಿ ಮೇಜು ಹಾಕಿಕೊಂಡಳು. ಅದಾಗಿ ಇಪ್ಪತ್ತೊಂದು ವರ್ಷ. ಮೇಜಿನ ಹಿಂದಿನ ಹಲಗೆಯ ಮೇಲೆ, ಜನರು ಫ್ಯೂಸಿನ ಬದಲು ಸಿಕ್ಕಿಸಿದ್ದ ವಸ್ತುಗಳನ್ನು ಸಾಲಾಗಿ ತೂಗುಹಾಕಿದ್ದಾಳೆ: ಸಿಗರೇಟು ಪೊಟ್ಟಣದ ಬೆಳ್ಳಿಕಾಗದ, ಎರಡು ಹೇರ್‌ಪಿನ್, ಒಂದು ಕಿವಿಯೋಲೆಯ ತಿರುಪು. ತಿರುಪು ಯಾರದೆಂದು ಕೇಳಿದವರಿಗೆ, "ಹೇಳಿದರೆ ಎರಡು ಸಂಸಾರ ಮುರಿಯುತ್ತೆ" ಎನ್ನುತ್ತಾಳೆ.

ಅವಳ ಕೆಲಸಕ್ಕೆ ಒಂದೇ ನಿಯಮ: ಅಳೆಯದೆ ಬಿಚ್ಚಬಾರದು. ಆ ನಿಯಮವನ್ನು ಅವಳು ಎರಡು ಸಲ ಮುರಿದದ್ದು ನರ್ಸಮ್ಮನ ಕಾರಿನ ವಿಷಯದಲ್ಲಿ.

ನರ್ಸಮ್ಮನಿಗೆ ಎಪ್ಪತ್ತನಾಲ್ಕು. ಊರಿನ ಅರ್ಧದಷ್ಟು ಜನರ ಹೆರಿಗೆ ಮಾಡಿಸಿ ನಿವೃತ್ತರಾದವರು. ಅವರ ಕಾರಿಗೆ ಐವತ್ತೆರಡು. ಬೆನ್ನು ಗುಂಡಗಿನ, ಮುಂದೆ ಎರಡು ದೊಡ್ಡ ಕಣ್ಣುಗಳ ಹಳೆಯ ಕಾಲದ ಕಾರು. ಬುಧವಾರ ಬೆಳಿಗ್ಗೆ ನರ್ಸಮ್ಮ ಮೂವರು ಗೆಳತಿಯರನ್ನು ಅದರಲ್ಲಿ ಕೂರಿಸಿಕೊಂಡು ಊರಾಚೆಯ ಈಜುಕೊಳಕ್ಕೆ ಹೋಗುತ್ತಾರೆ. ಅಲ್ಲಿಗೆ ಬಸ್ಸಿಲ್ಲ, ಉಳಿದ ಮೂವರಿಗೆ ಡ್ರೈವಿಂಗ್ ಬಾರದು. ಈಗ ಕಾರು ವಾಹನ ತಪಾಸಣೆಯಲ್ಲಿ ಎರಡು ಸಲ ಫೇಲಾಗಿತ್ತು, ಎರಡು ಸಲವೂ ಹಿಂದಿನ ಎಡ ದೀಪದ ದೆಸೆಯಿಂದ. ಮೂರನೆಯ ತಪಾಸಣೆ, ಅವರು ಮತ್ತೆ ಅಂಗಡಿಗೆ ಬಂದ ದಿನವೇ ನಾಲ್ಕು ಗಂಟೆಗೆ. ಅದರಲ್ಲೂ ಫೇಲಾದರೆ ಕಾರಿನ ನೋಂದಣಿ ರದ್ದು. ಕಾರು ಗುಜರಿಗೆ, ಬುಧವಾರದ ಗೆಳತಿಯರು ಮನೆಗೆ.

"ಕೊಳದಲ್ಲಿ ಹತ್ತೊಂಬತ್ತು ಸುತ್ತು ಈಜೋಕೆ ಕಲಿತಿದ್ದೀನಿ ಕಣೇ, ಇಪ್ಪತ್ತು ಮಾಡದೆ ಸಾಯಲ್ಲ," ಎಂದರು ನರ್ಸಮ್ಮ ಕಾರಿನಿಂದ ಇಳಿಯುತ್ತಾ. "ಅದೇನು ಮಾಡ್ತೀಯೋ ಮಾಡು."

ಹಿಂದಿನ ಎರಡು ಸಲವೂ ಫ್ಯೂಸಕ್ಕ ದೀಪವನ್ನು ತಿರುಪು ಕಳಚಿ ಹೊರಗೆಳೆದು, ಬಂಪರಿನ ಮೇಲಿಟ್ಟು ನೋಡಿದ್ದಳು. ಝಗ್ಗನೆ ಹತ್ತಿತ್ತು. ಬಲ್ಬು ಹೊಸದು ಹಾಕಿ, ವೈರಿನ ತುದಿ ತಿಕ್ಕಿ, ವಾಪಸು ಕೂರಿಸಿದಾಗಲೂ ಹತ್ತಿತ್ತು. ತಪಾಸಣಾ ಕಚೇರಿ ತಲುಪುವಷ್ಟರಲ್ಲಿ ಕೈಕೊಟ್ಟಿತ್ತು.

"ಇವತ್ತು ತಿರುಪು ಮುಟ್ಟಲ್ಲ," ಎಂದಳು ಅವಳು. "ಅತ್ತೆ, ಒಳಗೆ ಕೂತು ಬ್ರೇಕ್ ತುಳೀತೀರಾ?"

"ಈ ವಯಸ್ಸಿಗೆ ಒಂದು ನೌಕರಿ ಸಿಕ್ಕಿತಲ್ಲ," ಎಂದು ಅತ್ತೆ ಉಣ್ಣೆಯ ಸಮೇತ ಹೋಗಿ ಸ್ಟೇರಿಂಗಿನ ಮುಂದೆ ಕುಳಿತರು. "ತುಳಿದೆ!"

ಬಲ ದೀಪ ಕೆಂಪಗೆ ಉರಿಯಿತು. ಎಡದ್ದು ಮಂಕಾಗಿ ಮಿಣುಕಿತು. ಅದರ ಜೊತೆಗೆ, ಬ್ರೇಕಿಗೆ ಸಂಬಂಧವೇ ಇಲ್ಲದ ನಂಬರ್ ಪ್ಲೇಟಿನ ದೀಪವೂ ಸಣ್ಣಗೆ ಕೆಂಪೇರಿತು. ಫ್ಯೂಸಕ್ಕ ಪಾರ್ಕಿಂಗ್ ದೀಪಗಳನ್ನು ಹಾಕಿ ಮತ್ತೆ ತುಳಿಸಿದಳು. ಈ ಬಾರಿ ಎಡ ದೀಪ ಪೂರ್ತಿ ಆರಿಹೋಯಿತು.

"ಬ್ರೇಕ್ ತುಳಿದರೆ ದೀಪ ಆರೋದೇ?" ಎಂದರು ನರ್ಸಮ್ಮ. "ಇದಕ್ಕೇನು ತಲೆ ಕೆಟ್ಟಿದೆಯಾ?"

"ತಲೆ ಸರಿ ಇದೆ, ದಾರಿ ಕೆಟ್ಟಿದೆ. ಕರೆಂಟು ಬರ್ತಿದೆ, ವಾಪಸು ಹೋಗೋಕೆ ಜಾಗ ಇಲ್ಲ. ಅದಕ್ಕೇ ಪಕ್ಕದ ದೀಪದ ಮನೆ ಹೊಕ್ಕು ಹೋಗ್ತಿದೆ."

ಹಳೆಯ ಕಾರಿನಲ್ಲಿ ಬ್ಯಾಟರಿಯಿಂದ ದೀಪಕ್ಕೆ ಬರಲು ಮಾತ್ರ ವೈರಿರುತ್ತದೆ. ಮರಳಿ ಹೋಗುವ ದಾರಿ ಕಾರಿನ ಉಕ್ಕಿನ ಮೈಯೇ. ದೀಪದ ಲೋಹದ ಬುಡ ಆ ಮೈಯನ್ನು ನೇರವಾಗಿ ಮುಟ್ಟುತ್ತಿರಬೇಕು. ಫ್ಯೂಸಕ್ಕ ಒಂದು ಉದ್ದನೆಯ ವೈರಿನ ಒಂದು ತುದಿಯನ್ನು ದೀಪದ ಬುಡಕ್ಕೂ ಇನ್ನೊಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಡೆಗೂ ಹಿಡಿಸಿದಳು. ಎಡ ದೀಪ ಬಲದ್ದರಷ್ಟೇ ಚೆನ್ನಾಗಿ ಉರಿಯಿತು. ಬ್ಯಾಟರಿಯ ತುದಿಯನ್ನು ತೆಗೆದು ಬಂಪರಿನ ಬರಿಯ ಲೋಹಕ್ಕೆ ತಾಗಿಸಿದಳು. ಆಗಲೂ ಉರಿಯಿತು. ಅಂದರೆ ಬಂಪರಿನಿಂದ ಬ್ಯಾಟರಿಯವರೆಗಿನ ದಾರಿ ಸರಿಯಿದೆ. ಕೆಟ್ಟಿರುವುದು ದೀಪದ ಬುಡಕ್ಕೂ ಕಾರಿನ ಮೈಗೂ ನಡುವಿನ ಜಾಗ, ಕಾಗದದಷ್ಟು ದಪ್ಪದ ಜಾಗ. ಹಿಂದೆ ಎರಡು ಸಲವೂ ದೀಪವನ್ನು ಬಂಪರಿನ ಮೇಲಿಟ್ಟು, ಇಲ್ಲದ ದಾರಿಯನ್ನು ತಾನೇ ಮಾಡಿಕೊಟ್ಟಿದ್ದಳು. ವಾಪಸು ಕೂರಿಸಿದಾಗ ತಿರುಪು ಉಕ್ಕಿನಲ್ಲಿ ಎಳೆದ ಹೊಸ ಗೀರಿನಿಂದ ಸ್ವಲ್ಪ ಹೊತ್ತು ನಡೆದಿತ್ತು, ಅಷ್ಟೇ.

"ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದೆ," ಎಂದು ಹಣೆ ಚಚ್ಚಿಕೊಂಡಳು.

ಮೊದಲ ತಪಾಸಣೆಗೆ ಮುಂಚೆ ಕಾರಿಗೆ ಹೊಸ ಬಣ್ಣ ಹೊಡೆದದ್ದು ಗಂಡ. ಮೂರು ತಿಂಗಳು ಹಿಡಿದು, ಒಂಬತ್ತು ಕೋಟು, ಮುಖ ನೋಡಿಕೊಳ್ಳುವಂಥ ಕಡು ಹಸಿರು. ಆದರೆ ಅವನ ಕೈಯ ಒಂದು ಅಭ್ಯಾಸವನ್ನು ಅವಳು ಮದುವೆಯ ಮಾತಿನಷ್ಟೇ ನಂಬಿದ್ದಳು. ಯಾವ ಕಾರಿಗೆ ಬಣ್ಣ ಹೊಡೆದರೂ, ದೀಪ ಕೂರುವ ಜಾಗದಲ್ಲಿ ಹೆಬ್ಬೆರಳ ಉಗುರಿನಷ್ಟು ಟೇಪು ಅಂಟಿಸಿ, ಬಣ್ಣದ ಮೂಲಕ ಕರೆಂಟು ಹಾಯದು ಎಂದು ಅಷ್ಟು ಉಕ್ಕನ್ನು ಬರಿದಾಗಿ ಬಿಡುತ್ತಿದ್ದ. ಅದಕ್ಕೆ ಅವರಿಬ್ಬರ ನಡುವಿನ ಹೆಸರು 'ನಿನ್ನ ಚುಕ್ಕಿ'. ಅದಿಲ್ಲದಿರಬಹುದು ಎಂಬ ಅನುಮಾನವೇ ಅವಳಿಗೆ ಹುಟ್ಟಿರಲಿಲ್ಲ.

ಬಣ್ಣದ ಬಗ್ಗೆ ಅವಳಿನ್ನೂ ತುಟಿ ಎರಡು ಮಾಡಿರಲಿಲ್ಲ. "ಮಾಸ್ಕಿಂಗ್ ಟೇಪಿನ ಗುಣಮಟ್ಟ ಈಗೀಗ ಚೆನ್ನಾಗಿಲ್ಲ," ಎಂದ ಗಂಡ ಆಚೆಯಿಂದ, ಡಬ್ಬಿಯಲ್ಲಿ ಬಣ್ಣ ಕಲಕುತ್ತಾ.

"ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ," ಎಂದರು ಅತ್ತೆ ಕಾರಿನೊಳಗಿಂದ. "ಇಲ್ಲಿ ಕಳ್ಳ ಅಂತಲೂ ಯಾರೂ ಅಂದಿಲ್ಲ."

"ರೀ, ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ನನ್ನ ಚುಕ್ಕಿ ಬಿಟ್ಟಿದ್ದೀರಾ, ಇಲ್ವಾ?"

ಅವನು ಡಬ್ಬಿ ಕೆಳಗಿಟ್ಟ. "ಮೂರು ದೀಪದ ಕೆಳಗೆ ಬಿಟ್ಟಿದ್ದೀನಿ."

"ನಾಲ್ಕನೇದು?"

"ಅಲ್ಲಿ ಮೊದಲು ತುಕ್ಕು ಹಿಡಿದಿತ್ತು. ಎಷ್ಟು ನೈಸಾಗಿ ಉಜ್ಜಿದ್ದೆ ಗೊತ್ತಾ? ಬರಿದಾಗಿ ಬಿಡೋಕೆ ಮನಸ್ಸು ಬರಲಿಲ್ಲ. ತಿರುಪು ಇದೆಯಲ್ಲ, ಸಾಕು ಅಂದುಕೊಂಡೆ."

"ಎರಡು ಸಲ ಫೇಲಾದಾಗಲೂ ಬಾಯಿ ಬಿಡಲಿಲ್ಲವಲ್ಲ!"

"ನೀನು ಬಲ್ಬು ಅಂದೆ. ವೈರು ಅಂದೆ. ನಿನಗಿಂತ ನನಗೆ ಗೊತ್ತಾ?"

ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟರು. "ಹುಟ್ಟುವಾಗಲೂ ಇವನು ಹೀಗೇ. ಎಲ್ಲ ಸರಿಯಿತ್ತು, ಹೊರಗೆ ಬಾರೋ ಅಂದರೆ ಬರಲಿಲ್ಲ. ಹನ್ನೆರಡು ಗಂಟೆ ಕಾಯಿಸಿದ."

"ಹದಿನಾಲ್ಕು," ಎಂದರು ಅತ್ತೆ.

ಫ್ಯೂಸಕ್ಕ ತಿರುಪು ಕಳಚಿ ದೀಪ ತೆಗೆದಳು. ಕೆಳಗೆ ಹಸಿರು ಬಣ್ಣ, ಕೊಳದ ನೀರಿನ ಹಾಗೆ, ಕಲೆಯಿಲ್ಲದೆ. ಅವಳು ಚಿಕ್ಕ ಉಳಿ ಎತ್ತಿಕೊಂಡಳು. ಆಮೇಲೆ ಅದನ್ನು ಗಂಡನ ಕಡೆಗೆ ಚಾಚಿದಳು.

"ನೀವೇ ಕೆರೆಯಿರಿ. ನಾನು ಕೆರೆದರೆ ವರ್ಷಗಟ್ಟಲೆ ನಿಮ್ಮ ಗೊಣಗು ಕೇಳಬೇಕು."

ಅವನು ಮಂಡಿಯೂರಿ ಕುಳಿತು, ಮಗುವಿನ ಉಗುರು ಕತ್ತರಿಸುವವನಂತೆ ಉಸಿರು ಬಿಗಿಹಿಡಿದು ಕೆರೆದ. ಒಂಬತ್ತು ಕೋಟಿನ ಕೆಳಗಿನಿಂದ ಉಕ್ಕು ಮಿಂಚಿತು. ಅವಳು ಬುಡ ಕೂರಿಸಿ, ತಿರುಪು ಬಿಗಿದು, ಅಂಚಿನ ಸುತ್ತ ತುಕ್ಕು ತಡೆಯುವ ಗ್ರೀಸು ಸವರಿದಳು. ಈ ಸಲ ಅಳೆದೂ ನೋಡಿದಳು. ಸರಿಯಿತ್ತು. ಆಗ ಮೂರು ಗಂಟೆ ಹತ್ತು ನಿಮಿಷ.

ಅತ್ತೆಯನ್ನು ಅಂಗಡಿಗಳ ಕಾವಲಿಗೆ ಬಿಟ್ಟು ಮೂವರೂ ಕಾರಿನಲ್ಲೇ ಹೊರಟರು. ತಪಾಸಣಾಧಿಕಾರಿ ಕಾರನ್ನು ಕಂಡವನೇ ನೇರ ಹಿಂದೆ ಹೋದ. ಪಾರ್ಕಿಂಗ್ ಹಾಕಿಸಿದ, ಬ್ರೇಕ್ ತುಳಿಸಿದ, ಇಂಡಿಕೇಟರ್ ಹಾಕಿಸಿದ. ಎಡ ದೀಪಕ್ಕೆ ಗೆಣ್ಣಿನಿಂದ ಎರಡು ಏಟು ಕೊಟ್ಟ. ಬೆಳಕು ಅಲುಗಲಿಲ್ಲ. ಅಷ್ಟಕ್ಕೂ ಸಮಾಧಾನವಾಗದೆ, "ಆ ಉಬ್ಬಿನ ಮೇಲೆ ಮೂರು ಸುತ್ತು ಹೊಡೆದು ಬನ್ನಿ," ಎಂದ. ನರ್ಸಮ್ಮ ನಾಲ್ಕು ಸುತ್ತು ಹೊಡೆದರು. ಗಂಡ ಕಾರಿನ ಹಿಂದೆ ಓಡುತ್ತಾ ಪ್ರತಿ ಉಬ್ಬಿಗೂ "ಹತ್ತಿದೆ! ಹತ್ತಿದೆ!" ಎಂದು ಕೂಗಿದ.

"ಇವರು ಯಾರು?" ಎಂದು ಅಧಿಕಾರಿ ಕೇಳಿದ.

"ಬಣ್ಣದವರು," ಎಂದಳು ಫ್ಯೂಸಕ್ಕ. "ದೀಪದ ಬಗ್ಗೆ ಹೊಸದಾಗಿ ಕಲೀತಿದ್ದಾರೆ."

ಅಧಿಕಾರಿ ನಗದೆಯೇ ಕಾಗದಕ್ಕೆ ಮುದ್ರೆ ಒತ್ತಿದ. ನರ್ಸಮ್ಮ ಅದನ್ನು ಎರಡು ಸಲ ಓದಿ, ಮಡಚಿ ಕೈಚೀಲಕ್ಕೆ ಹಾಕಿಕೊಂಡು, ಗೆಳತಿಯರಿಗೆ ಈಗಲೇ ಹೇಳಬೇಕೆಂದು ಕಾರು ಹತ್ತಿ ಹೊರಟೇಬಿಟ್ಟರು. ಗೇಟಿನ ಬಳಿ ಎಡ ಇಂಡಿಕೇಟರ್ ಹೊಡೆಯತೊಡಗಿತು. ಗಂಡಹೆಂಡತಿ ಅಕ್ಕಪಕ್ಕ ನಿಂತು ನೋಡಿದರು.

"ನಿಮಿಷಕ್ಕೆ ಎಂಬತ್ತು ಸಲ. ಸರಿಯಾಗಿದೆ," ಎಂದಳು ಅವಳು.

"ಬಿಸಿಲಿಗೆ ಆ ಹಸಿರು ನೋಡು," ಎಂದ ಅವನು.

ಕಾರು ತಿರುಗಿ ಮರೆಯಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದಳು, "ರೀ, ನಾವು ಬಂದದ್ದು ಅದೇ ಕಾರಲ್ಲಿ ಅಲ್ವಾ?"

ಅಂಗಡಿಗೆ ಐದು ಕಿಲೋಮೀಟರು. ಇಬ್ಬರೂ ನಡೆಯತೊಡಗಿದರು.

"ಅಮ್ಮನಿಗೆ ಏನು ಹೇಳೋದು?" ಎಂದ ಅವನು.

"ನಿಜ ಹೇಳಿ. ವರ್ಷಕ್ಕಾಗುವಷ್ಟು ಮಾತು ಸಿಗುತ್ತೆ ಅವರಿಗೆ."