ಬಂಡೆಯ ಮೇಲೆ ಒಡೆದ ಥರ್ಮಾಮೀಟರು

ಕುರುಗೋಡಿನ ಬೋರ್ಡ್ ಸಾಲಿಗೆ ನಾನು ಟೀಚರಾಗಿ ಸೇರಿದ ಎರಡನೇ ವರ್ಷ, ಬೇಸಿಗೆ ರಜೆಯಲ್ಲಿ ಬಳ್ಳಾರಿಗೆ ತರಬೇತಿಗೆ ಬರಬೇಕೆಂದು ಹುಕುಂ ಬಂತು. ಆಗಿನ್ನೂ ನಾವು ಮದ್ರಾಸ್ ಸರ್ಕಾರದ ಕೈಕೆಳಗಿದ್ದೆವು. ಲೆಕ್ಕ, ವಿಜ್ಞಾನಗಳನ್ನು ಬಾಯಿಪಾಠ ಮಾಡಿಸಿದ್ದು ಸಾಕು, ಇನ್ನು ಮಕ್ಕಳ ಕೈಯಿಂದ ಮಾಡಿಸಿ ಕಲಿಸಬೇಕು ಎಂದು ಮೇಲಿನವರು ತೀರ್ಮಾನಿಸಿದ್ದರಂತೆ. ಸಿರುಗುಪ್ಪದಲ್ಲಿದ್ದ ನಮ್ಮಪ್ಪನಿಗೆ ಇದು ಸರಿಬರಲಿಲ್ಲ. ವರ್ಷವೆಲ್ಲ ದೂರವಿರುವ ಮಗಳು ರಜೆಯಲ್ಲಾದರೂ ಮನೆಗೆ ಬರಬಾರದೇ ಎಂದು ಅವ್ವನ ಮುಂದೆ ಗೊಣಗಿದರು. ಕಡೆಗೆ ನನ್ನನ್ನು ಬಳ್ಳಾರಿಯ ಸೋದರತ್ತೆಯ ಮನೆಗೆ ಬಿಟ್ಟುಬರಲು ತಾವೇ ಬಸ್ಸು ಹತ್ತಿದರು.

ವಿಜ್ಞಾನವೆಂದರೆ ನನಗೆ ಅಂಜಿಕೆ. ಓದುವಾಗ ಗಾಳಿಗೂ ಒತ್ತಡವಿದೆ ಎಂದು ಎಷ್ಟು ಸಲ ಬರೆದಿದ್ದೆನೋ, ಒಂದು ಸಲವೂ ನಂಬಿರಲಿಲ್ಲ. ನಮಗೆ ಕಲಿಸಲು ಬಂದವರು ಅನಂತಪುರದ ಕಡೆಯ, ವಯಸ್ಸಾದ ಉಪನ್ಯಾಸಕರು. ತೆಲುಗು ಬೆರೆತ ಕನ್ನಡದಲ್ಲಿ ನಿಧಾನವಾಗಿ ಮಾತಾಡುತ್ತಿದ್ದರು. ಮೊದಲ ದಿನವೇ ಹಿತ್ತಾಳೆ ಲೋಟದ ತುಂಬ ನೀರು ತುಂಬಿ, ಬಾಯಿಗೆ ಒಂದು ಕಾಗದ ಮುಚ್ಚಿ, ಮುಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ತಲೆಯ ಮೇಲೆಯೇ ಅದನ್ನು ಬೋರಲು ಹಿಡಿದರು. ನಾನು ಗಾಬರಿಯಾಗಿ ಸೆರಗು ತಲೆಗೆಳೆದುಕೊಂಡೆ. ಹನಿ ನೀರು ಬೀಳಲಿಲ್ಲ. ಕಾಗದವನ್ನು ಕೆಳಗಿನಿಂದ ಒತ್ತಿ ಹಿಡಿದಿರುವುದು ಗಾಳಿ ಎಂದು ಅವರು ಹೇಳಿದಾಗ ನಾನು ನಂಬಿದೆ. ತಲೆ ಒಣಗಿಯೇ ಇತ್ತಲ್ಲ.

ಆ ತಿಂಗಳು ನಾವು ಬಿದಿರಿನ ಸೀಳು ಕಟ್ಟಿ ತಕ್ಕಡಿ ಮಾಡಿದೆವು, ನೆರಳು ಅಳೆದು ಮರದ ಎತ್ತರ ಕಂಡುಹಿಡಿದೆವು. ಸಂಜೆ ಅತ್ತೆಯ ಮನೆಗೆ ಹೋದರೆ ಅವರ ಅಡಿಗೆಮನೆಯ ಪಾತ್ರೆಗಳೆಲ್ಲ ನನ್ನ ಪ್ರಯೋಗಕ್ಕೆ ಬರುತ್ತಿದ್ದವು. ಅತ್ತೆ ಒಂದು ದಿನವೂ ಬೇಡವೆನ್ನಲಿಲ್ಲ.

ದಸರೆ ಮುಗಿದ ಮೇಲೆ ನಮ್ಮ ಸಾಲಿಗೆ ಸರ್ಕಾರದಿಂದ ಒಂದು ಮರದ ಪೆಟ್ಟಿಗೆ ಬಂತು. ಒಳಗೆ ಹುಲ್ಲಿನಲ್ಲಿ ಸುತ್ತಿಟ್ಟ ಗಾಜಿನ ಸಾಮಾನು, ಅಯಸ್ಕಾಂತ, ಭೂತಗನ್ನಡಿ, ಒಂದು ಥರ್ಮಾಮೀಟರು. ಹೆಡ್ಮಾಸ್ತರು ಎಲ್ಲವನ್ನೂ ಒಮ್ಮೆ ನೋಡಿ ಮತ್ತೆ ಹುಲ್ಲು ಮುಚ್ಚಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪಿಂಚಣಿಗೆ ಹತ್ತಿರವಾಗಿದ್ದ ಅವರು ಕಾಲು ಮಗ್ಗಿ, ಅರೆ ಮಗ್ಗಿಗಳನ್ನು ರಾಗವಾಗಿ ಹೇಳಿಕೊಡುವುದರಲ್ಲಿ ಹೆಸರಾದವರು, ಒಳ್ಳೆಯ ಮನುಷ್ಯರು. ಆದರೆ ಸರ್ಕಾರದ ಸಾಮಾನು ಒಡೆದರೆ ಯಾರು ಜವಾಬು ಕೊಡಬೇಕು ಎಂಬುದೇ ಅವರ ಚಿಂತೆ. ಇನ್ಸ್ಪೆಕ್ಟರು ಬಂದಾಗ ತೆಗೆದರಾಯಿತು ಎಂದರು. ನಾನು ಮಡಕೆ, ದಾರ, ಲೋಟಗಳಿಂದಲೇ ಪಾಠ ನಡೆಸಿದೆ.

ಶಿವರಾತ್ರಿಯ ಹೊತ್ತಿಗೆ ಒಂದು ದಿನ ನಾನು ಲೋಟ ಬೋರಲು ಹಿಡಿದದ್ದನ್ನು ಹೆಡ್ಮಾಸ್ತರು ಬಾಗಿಲಲ್ಲಿ ನಿಂತು ಕಂಡರು. ಇನ್ನೊಮ್ಮೆ ಮಾಡಲು ಹೇಳಿದರು. ಮಾಡಿದೆ. ಆಮೇಲೆ ಒಳಗೆ ಬಂದು, ನನ್ನ ಕೈಯಾಗ ಕೊಡ್ರಿ ಎಂದು ಲೋಟ ಇಸಕೊಂಡರು. ಅವರು ಕಾಗದವನ್ನು ಸರಿಯಾಗಿ ಒತ್ತಿರಲಿಲ್ಲ, ನೀರೆಲ್ಲ ಧೋತರದ ಮೇಲೆ ಸುರಿಯಿತು. ಮಕ್ಕಳು ನನ್ನ ಮುಖ ನೋಡಿದರು. ಹೆಡ್ಮಾಸ್ತರೇ ಮೊದಲು ನಕ್ಕರು. ಎರಡನೇ ಸಲ ನೀರು ನಿಂತಿತು. ಮರುದಿನ ಬೆಳಿಗ್ಗೆ ಬೀರುವಿನ ಕೀಲಿಕೈ ನನ್ನ ಮೇಜಿನ ಮೇಲಿತ್ತು.

ಯುಗಾದಿ ಕಳೆದ ಮೇಲೆ ಥರ್ಮಾಮೀಟರಿನ ಪಾಠ. ಮಕ್ಕಳು ಅದಕ್ಕೆ ಕಾವಿನ ಕಡ್ಡಿ ಎಂದು ಹೆಸರಿಟ್ಟಿದ್ದರು. ಬಾವಿಯ ನೀರಿನ ಕಾವು, ಬೇವಿನ ನೆರಳಿನದು, ಹೀಗೆ ಒಂದೊಂದನ್ನೂ ನೋಡಿ ಪಾಟಿಯ ಮೇಲೆ ಬರೆದುಕೊಂಡರು. ಅದೇ ಅಂಕಿಗಳಿಂದ ಹೆಡ್ಮಾಸ್ತರು ಸರಾಸರಿಯ ಲೆಕ್ಕ ಹೇಳಿಕೊಡುವುದೆಂದು ಮಾತಾಗಿತ್ತು. ಸಾಲಿಯ ಹಿಂದಿನ ಹಾಸುಬಂಡೆಯದನ್ನೂ ನೋಡೋಣ ಎಂದಳು ಒಬ್ಬ ಹುಡುಗಿ. ಒಕ್ಕಲಿಗರ ಮನೆಯವಳು, ಐದನೇ ಇಯತ್ತೆ, ಮಾತು ಕಡಿಮೆ. ನಾನು ಹೂಂ ಎಂದೆ. ಅವಳು ಬಂಡೆಯ ಮೇಲೆ ಅದನ್ನು ಮಲಗಿಸಿ, ಬಗ್ಗಿ ಕೂತು ಏರುವುದನ್ನೇ ನೋಡುತ್ತಿದ್ದಳು. ಪಾದರಸ ಏರಿತು, ತುದಿ ಮುಟ್ಟಿತು. ಟಿಕ್ಕೆಂದು ಗಾಜು ಸೀಳಿತು. ನಮ್ಮ ಬಂಡೆಯ ಕಾವು ಆ ಕಡ್ಡಿಯ ಅಳತೆಗೆ ಮೀರಿದ್ದಾಗಿತ್ತು. ಪಾದರಸ ಸಣ್ಣ ಸಣ್ಣ ಗುಂಡುಗಳಾಗಿ ಬಂಡೆಯ ಮೇಲೆ ಓಡಾಡಿತು.

ಮಕ್ಕಳ ಗದ್ದಲ ಕೇಳಿ ಹೆಡ್ಮಾಸ್ತರು ಹೊರಗೆ ಬರುವಷ್ಟರಲ್ಲಿ ಹುಡುಗಿ ಪಾಟಿಯನ್ನೂ ಬಿಟ್ಟು ಮನೆಗೆ ಓಡಿಹೋಗಿದ್ದಳು. ತಪ್ಪು ನನ್ನದೆಂದು ಹೇಳಲು ನಾನು ಬಾಯಿ ತೆರೆದೆ. ಅವರಿಗೆ ಅದನ್ನು ಕೇಳುವ ವ್ಯವಧಾನವಿರಲಿಲ್ಲ. ಬಿಸಿಬಂಡೆಯ ಮೇಲೆ ಹೆಗಲ ವಲ್ಲಿ ಹಾಸಿ ಮಂಡಿಯೂರಿದ್ದರು. ಎಲೆಯಡಿಕೆ ಚೀಲದಿಂದ ಒಂದು ವೀಳ್ಯದೆಲೆ ತೆಗೆದು, ಅದರ ಅಂಚಿನಿಂದ ಪಾದರಸದ ಗುಂಡುಗಳನ್ನು ಒಂದಕ್ಕೊಂದು ಕೂಡಿಸುತ್ತಿದ್ದರು. ಎರಡು ಗುಂಡು ಕೂಡಿ ಒಂದಾದಾಗಲೆಲ್ಲ ಮಕ್ಕಳ ಕಡೆ ನೋಡುತ್ತಿದ್ದರು. ಸಿಕ್ಕಷ್ಟನ್ನು ಖಾಲಿ ಮಸಿ ಬಾಟಲಿಗೆ ಹಾಕಿ ಬಿರಟೆ ಒತ್ತಿದರು.

ಮರುದಿನ ಹುಡುಗಿ ಬರಲಿಲ್ಲ. ಸಂಜೆ ನಾವಿಬ್ಬರೂ ಅವಳ ಮನೆಗೆ ಹೋದೆವು. ಸರ್ಕಾರದ ಸಾಮಾನು ಒಡೆದಿದೆಯೆಂದು ಅವಳಪ್ಪ ಹೆದರಿದ್ದ. ಇನ್ನು ಇವಳನ್ನು ಹೊಲಕ್ಕೇ ಕರೆದೊಯ್ಯುತ್ತೇನೆ ಎಂದ. ಹೆಡ್ಮಾಸ್ತರು ಕಂಬದ ಹಿಂದೆ ನಿಂತಿದ್ದ ಹುಡುಗಿಯನ್ನು ಕರೆದರು.

"ನೀ ಒಡದಿಲ್ಲವ್ವ, ಬಿಸಲು ಒಡದೈತಿ. ನಾಳೆ ಸಾಲಿಗೆ ಬಾ. ಯಾಕ ಒಡೀತು ಅಂತ ನೋಡಿದಾಕಿ ನೀ ಒಬ್ಬಾಕೀನ."

ಅವಳಪ್ಪ ನಮಗೆ ಮಜ್ಜಿಗೆ ಕೊಟ್ಟ. ಬೆಳಿಗ್ಗೆ ಅವನೇ ಮಗಳನ್ನು ಸಾಲಿಯ ತನಕ ಬಿಟ್ಟುಹೋದ.

ಕೆಲವು ದಿನಕ್ಕೆ ಇನ್ಸ್ಪೆಕ್ಟರು ಬಂದರು. ಪೆಟ್ಟಿಗೆಯ ಸಾಮಾನು ನೋಡುತ್ತ ಥರ್ಮಾಮೀಟರು ಎಲ್ಲಿ ಎಂದರು. ಹೆಡ್ಮಾಸ್ತರು ಮಸಿ ಬಾಟಲಿ ಮುಂದಿಟ್ಟು, ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದರು. ಅವಳು ನೆಲ ನೋಡುತ್ತಲೇ ಹೇಳಿದಳು:

"ಕಾವಿಗೆ ಪಾದರಸ ಹಿಗ್ಗತೈತ್ರಿ. ಮ್ಯಾಲೆ ಹೋಗಾಕ ಜಾಗ ಇರಲಿಲ್ರಿ, ಅದಕ್ಕ ಕಾಜು ಒಡೀತ್ರಿ."

ಇನ್ಸ್ಪೆಕ್ಟರು ಹೊರಗೆ ಹೋಗಿ ಆ ಬಂಡೆಯ ಮೇಲೆ ಅಂಗೈ ಇಟ್ಟು, ತಟ್ಟನೆ ಕೈ ತೆಗೆದರು. ಈ ಜಿಲ್ಲೆಗೆ ಇನ್ನೂ ಹೆಚ್ಚು ಕಾವು ತಡೆಯುವ ಥರ್ಮಾಮೀಟರು ಕಳಿಸಬೇಕೆಂದು ಮೇಲಕ್ಕೆ ಬರೆಯುತ್ತೇನೆ ಎಂದು ನಗುತ್ತ ಹೇಳಿದರು. ಹೇಳಿದಂತೆ ಬರೆದರು, ಅದು ಬಂದಿತು ಕೂಡ.

ಮುಂದಿನ ಬೇಸಿಗೆಯ ತರಬೇತಿಗೆ ನನ್ನನ್ನು ಮತ್ತೆ ಬಳ್ಳಾರಿಗೆ ಕರೆದರು. ಈ ಸಲ ಕಲಿಯಲು ಅಲ್ಲ, ಉಪನ್ಯಾಸಕರ ಜೊತೆ ನಿಂತು ಬೇರೆ ಟೀಚರುಗಳಿಗೆ ಮಾಡಿ ತೋರಿಸಲು. ಮೊದಲ ದಿನ ಕೋಣೆಯೊಳಗೆ ಹೋಗಿ ನೋಡಿದರೆ ಮುಂದಿನ ಬೆಂಚಿನಲ್ಲಿ ನಮ್ಮ ಹೆಡ್ಮಾಸ್ತರು, ಇಸ್ತ್ರಿ ಮಾಡಿದ ಕೋಟು ತೊಟ್ಟು, ಪೆನ್ಸಿಲು ಚೂಪು ಮಾಡಿಕೊಂಡು ಕೂತಿದ್ದರು. ಅವರಿಗೆ ಹುಕುಂ ಬಂದಿರಲಿಲ್ಲ, ತಾವೇ ಅರ್ಜಿ ಹಾಕಿ ಬಂದಿದ್ದರು. ಅವರೆದುರು ಕಲಿಸುವುದಕ್ಕೆ ನನಗೆ ಸಂಕೋಚವಾಗಿ ಮಾತು ತಡವರಿಸಿತು. "ನಡಸ್ರಿ ಅಕ್ಕೋರೆ, ತಡ ಆಗತೈತಿ" ಎಂದರು.

ಸಂಜೆ ಬಸ್ ಸ್ಟಾಂಡಿನ ತನಕ ಜೊತೆಗೇ ನಡೆದೆವು. ದಾರಿಯುದ್ದಕ್ಕೂ ಅವರದು ಒಂದೇ ಮಾತು. ಭಿನ್ನರಾಶಿಯನ್ನು ಜೋಳದ ರೊಟ್ಟಿ ಮುರಿದು ಕಲಿಸಿದರೆ ಹೇಗೆ, ಮುರಿದ ತುಂಡನ್ನು ಮಕ್ಕಳು ಲೆಕ್ಕಕ್ಕೆ ಮೊದಲೇ ತಿಂದುಬಿಟ್ಟರೆ ಏನು ಮಾಡುವುದು ಎಂದು ಕೇಳುತ್ತಿದ್ದರು.