ಅನಸೂಯಮ್ಮನ ಫ್ಲಾಸ್ಕು

ಬಂಗಾರಪೇಟೆಯಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ನಮ್ಮ ಕ್ಯಾಸಂಬಳ್ಳಿಯ ಅನಸೂಯಮ್ಮನಿಗೆ ಕಿಟಕಿ ಪಕ್ಕದ ಸೀಟು ಸಿಗದ ಸೋಮವಾರವೇ ಇಲ್ಲ. ಆಕೆ ರಕ್ತದ ಕ್ಯಾನ್ಸರಿಗೆ ಮದ್ದು ಹುಡುಕುವ ವಿಜ್ಞಾನಿ. ಕಂಕುಳಲ್ಲಿ ಐಸು ತುಂಬಿದ ಫ್ಲಾಸ್ಕು, ಅದರೊಳಗೆ ರೋಗಿಯ ರಕ್ತ. "ಜರುಗ್ರಪ್ಪಾ, ಕ್ಯಾನ್ಸರ್ ಬತ್ತಾ ಐತೆ!" ಎಂದು ಆಕೆ ಕೂಗಿದರೆ ಸಾಕು, ಅದು ಅಂಟುರೋಗವೆಂದೇ ನಂಬಿರುವ ನಮ್ಮ ಜನ ಗಂಟುಮೂಟೆ ಸಮೇತ ಪಕ್ಕದ ಬೋಗಿಗೆ ಹಾರುತ್ತಾರೆ. ಹಾಲಿನ ಕ್ಯಾನಿನ ಶ್ರೀರಾಮಪ್ಪ ಮಾತ್ರ ಕದಲದೆ ಕೆಣಕುತ್ತಾನೆ: "ಏನಕ್ಕಾ, ಇನ್ನೂ ಸಿಗ್ಲಿಲ್ವಾ ನಿನ್ನ ಮದ್ದು?" ಆಕೆ ತಿರುಗಿ ಅನ್ನುತ್ತಾಳೆ: "ಈಗಿರೋ ಮದ್ದು ಕಳೆ ಸಾಯ್ಲಿ ಅಂತ ರಾಗಿ ಹೊಲಕ್ಕೇ ಬೆಂಕಿ ಇಟ್ಟಂಗೆ ಕಣಯ್ಯಾ. ಪೈರು ಮುಟ್ಟದೆ ಕಳೆ ಒಂದನ್ನೇ ಕೀಳೋ ಮದ್ದು ಬೇಕು ನಂಗೆ. ಸಿಗಲ್ಲ ಅನ್ನೋಕೆ ನೀನ್ಯಾವನು?" ದೊಡ್ಡ ದೊಡ್ಡ ಡಾಕ್ಟರುಗಳು ಆಗದ ಕೆಲಸವೆಂದಾಗಲೂ ಆಕೆ ಕೊಟ್ಟ ಉತ್ತರ ಇದೇ ಅಂತೆ. ಮೊನ್ನೆ ನಾನೇ ಕೇಳಿದೆ, ಯಾರ ರಕ್ತ ತಾಯೀ ಇದು ಎಂದು. ತಂಗಿಯನ್ನು ರೈಲು ಹತ್ತಿಸಲು ಬಂದು, ಪ್ಲಾಟ್‌ಫಾರಮ್ಮಿನಲ್ಲಿ ಏದುಸಿರು ಬಿಡುತ್ತ ನಿಂತಿದ್ದ ಮುನಿನಾರಾಯಣಪ್ಪನನ್ನು ಆಕೆ ಕಿಟಕಿಯಿಂದ ತೋರಿಸಿದಳು. "ನಮ್ಮಣ್ಣಂದು. ನಾನು ಮದ್ದು ತರೋಗಂಟ ಸಾಯಂಗಿಲ್ಲ ಅಂತ ಅವನಿಗೂ ಹೇಳಿಬಿಟ್ಟಿದೀನಿ."