ಪೇಂಟರನ ಹೆಂಡತಿಯ ಹಲ್ಲುಜ್ಜುವ ಬ್ರಷ್ಷು

ಬ್ರಷ್ಷಿನ ವಿಷಯದಲ್ಲಿ ನಮ್ಮ ಪೇಂಟರನಿಗೆ ಬುದ್ಧಿ ಹೇಳಲು ಹೋದವರು ಯಾರೂ ಗೆದ್ದು ಬಂದದ್ದಿಲ್ಲ. ಗೋಡೆಗೆ ಬಣ್ಣ ಬಳಿಯುತ್ತಲೇ ತಲೆ ನರೆಸಿಕೊಂಡವನು. ಬಣ್ಣ ಎರಚುವ ಮೆಷೀನು ಬಂದು ಅರ್ಧ ಕೆಲಸ ಕಿತ್ತುಕೊಂಡ ಮೇಲಂತೂ, ಮೋಟಾರಿನ ಸದ್ದು ಕೇಳಿದರೆ ಸಾಕು, ಅವನಿಗೆ ಮೈಯೆಲ್ಲ ಉರಿ.

ಅವನ ಹೆಂಡತಿಗೆ ನರದ ಕಾಯಿಲೆ ಅಂಟಿಕೊಂಡಿತ್ತು. ಎರಡೂ ಕೈ ದಿನದಿಂದ ದಿನಕ್ಕೆ ಸೋಲುತ್ತಿದ್ದವು. ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿ ಕಳಿಸಿದ್ದರು. ಸ್ನಾನ, ತಲೆ ಬಾಚುವುದು, ಊಟ, ಒಂದೊಂದನ್ನೇ ಅವಳು ಮಗಳ ಕೈಗೆ ಒಪ್ಪಿಸಿದ್ದಳು. ಹಲ್ಲನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

"ಇದನ್ನೂ ನಿಮಗೇ ಕೊಟ್ಟುಬಿಟ್ಟರೆ ನಂದು ಅಂತ ಏನುಳೀತು?" ಎಂದು ಕೇಳಿದ್ದಳು. ಗಂಡ ಬ್ರಷ್ಷು ಹಿಡಿದು ಹತ್ತಿರ ಬಂದರೆ ತುಟಿ ಬಿಗಿದು ಗೋಡೆ ಕಡೆ ತಿರುಗಿಬಿಡುತ್ತಿದ್ದಳು.

"ಅಪ್ಪಾ, ಕರೆಂಟಿನ ಬ್ರಷ್ಷು ತನ್ನಿ. ಅದೇ ಅಲ್ಲಾಡುತ್ತೆ, ಅಮ್ಮ ಸುಮ್ಮನೆ ಹಿಡ್ಕೊಂಡ್ರೆ ಸಾಕು," ಎಂದಳು ಮಗಳು.

"ಹಲ್ಲೇನು ಕಾಂಪೌಂಡ್ ಗೋಡೆನಾ, ಮೆಷೀನ್ ಹಾಕಿ ಬಳಿಯೋಕೆ?" ಎಂದು ಅವಳ ಬಾಯಿ ಮುಚ್ಚಿಸಿದ.

ಮೆತ್ತಗಿನ ಮಾಮೂಲಿ ಬ್ರಷ್ಷು ತಂದು, ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟ. ಹಿಡಿಯುವುದೇನೋ ಬಂತು, ಆಡಿಸುವುದು ಬರಲಿಲ್ಲ. ಅವಳು ಮೊಣಕೈಯನ್ನು ಬೇಸಿನ್ನಿಗೆ ಊರಿ, ಬ್ರಷ್ಷಿನ ಬದಲು ತಲೆಯನ್ನೇ ಅತ್ತಿತ್ತ ಆಡಿಸುತ್ತಿದ್ದಳು. ನೊರೆ ಗಲ್ಲದಿಂದ ಎದೆಗೆ ಇಳಿಯುತ್ತಿತ್ತು. ಅವನು ಬಚ್ಚಲ ಬಾಗಿಲಲ್ಲಿ ನಿಂತು ನೋಡಿದ. ಮೆಷೀನಿನ ಮೇಲಿನ ಹಗೆಯನ್ನು ನುಂಗಿಕೊಂಡು ಅವತ್ತೇ ಮೆಡಿಕಲ್ ಶಾಪಿಗೆ ಹೋಗಿ, ಇದ್ದುದರಲ್ಲಿ ಹಗುರವಾದ ಕರೆಂಟಿನ ಬ್ರಷ್ಷು ತಂದ.

ಅದು ಗುಂಯ್ ಎಂದಿತು. ಅವಳು ಯಾರ ಸಹಾಯವೂ ಇಲ್ಲದೆ ಉಜ್ಜಿಕೊಂಡು, "ನೋಡ್ರೀ," ಎಂದು ಹಲ್ಲು ಕಿರಿದಳು.

"ಈ ಹಲ್ಲು ತೋರಿಸೇ ಅಲ್ವೇನೇ ನನ್ನ ಬುಟ್ಟಿಗೆ ಹಾಕ್ಕೊಂಡಿದ್ದು," ಎಂದ. ಆ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. ಕೆಲಸ ಮುಗಿದ ಮೇಲೆ ಬ್ರಷ್ಷು ಒಣಗಿ ಗಟ್ಟಿಯಾಗದಂತೆ ಡಬ್ಬದ ನೀರಲ್ಲಿ ನಿಲ್ಲಿಸಿಡುವುದು ಪೇಂಟರುಗಳ ಪದ್ಧತಿ. ಹೆಂಡತಿಯನ್ನು ನಗಿಸಿದ ವಸ್ತುವಿಗೆ ಅಷ್ಟೂ ಮರ್ಯಾದೆ ಮಾಡದಿದ್ದರೆ ಹೇಗೆ? ಮಗ್ಗಿನ ತುಂಬ ನೀರು ತುಂಬಿ, ಕರೆಂಟಿನ ಬ್ರಷ್ಷನ್ನು ಕತ್ತಿನವರೆಗೆ ಮುಳುಗಿಸಿಟ್ಟ.

ಬೆಳಿಗ್ಗೆ ಅವಳು ಎರಡೂ ಹೆಬ್ಬೆರಳು ಸೇರಿಸಿ ಗುಂಡಿ ಒತ್ತಿದಳು. ಸದ್ದಿಲ್ಲ. ಅದರ ಬುಡದಿಂದ ಕಂದು ನೀರು ತೊಟ್ಟಿಕ್ಕಿತು.

"ಅಪ್ಪಾ, ಇದೇನು ಬಣ್ಣದ ಬ್ರಷ್ಷಾ?" ಎಂದು ಮಗಳು ಹಣೆ ಚಚ್ಚಿಕೊಂಡಳು.

"ಬಿಡೇ, ಅವರೇನು ಬೇಕು ಅಂತ ಮಾಡಿದ್ರಾ," ಎಂದಳು ಹೆಂಡತಿ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಂಥದ್ದು ಇನ್ನೊಂದು ಆ ಮೆಡಿಕಲ್ ಶಾಪಿನಲ್ಲಿರಲಿಲ್ಲ. ಬೇರೆ ಕಡೆ ಸಿಕ್ಕವೆಲ್ಲ ಅವಳ ಕೈಗೆ ಭಾರ. "ತರಿಸಿಕೊಡ್ತೀನಿ, ಇವತ್ತು ಬರುತ್ತೆ, ನಾಳೆ ಬರುತ್ತೆ," ಎನ್ನುತ್ತಲೇ ಅಂಗಡಿಯವನು ಕಾಲ ತಳ್ಳಿದ. ಪೇಂಟರ್ ಕೆಲಸ ಬಿಟ್ಟು ಅವನ ಮುಂದೆ ಹೋಗಿ ನಿಲ್ಲುತ್ತಿದ್ದ. ಅವಳು ಬರೀ ಬಾಯಿ ಮುಕ್ಕಳಿಸಿ ದಿನ ದೂಡುತ್ತಿದ್ದಳು. ಕಾಯಿಲೆ ಮಾತ್ರ ಯಾರಿಗೂ ಕಾಯಲಿಲ್ಲ.

ಕೊನೆಗೂ ಬಂದಾಗ ಓಡೋಡಿ ತಂದು ಅವಳ ಅಂಗೈಯಲ್ಲಿಟ್ಟ. ಜಾರಿ ಮಡಿಲಿಗೆ ಬಿತ್ತು. ಒಂದೊಂದೇ ಬೆರಳು ಮಡಚಿ ಹಿಡಿಸಿ, ಗುಂಡಿ ಒತ್ತಿದ. ಕೈ ಬಿಟ್ಟ ಕೂಡಲೇ ಬೆರಳುಗಳು ಬಿಚ್ಚಿಕೊಂಡವು. ಬ್ರಷ್ಷು ಮಡಿಲಲ್ಲೇ ಗುಂಯ್‌ಗುಡುತ್ತಿತ್ತು.

"ಇನ್ನೊಂದ್ಸಲ ಹಿಡ್ಕೋ ನೋಡೋಣ," ಎಂದ.

ಅವಳು ತನ್ನ ಕೈಯನ್ನು ನೋಡಿಕೊಂಡಳು. ಆಮೇಲೆ ಅವನನ್ನು ನೋಡಿದಳು.

"ನೀವೇ ಉಜ್ಜಿಬಿಡಿ," ಎಂದು ಬಾಯಿ ತೆರೆದಳು.

ಗುಂಡಿ ಆರಿಸುವುದನ್ನೂ ಮರೆತು ಪೇಸ್ಟು ಹಚ್ಚಲು ಹೋದ, ಪೇಸ್ಟು ಸಿಡಿದು ನೆಲಕ್ಕೆ ಬಿತ್ತು. ಅವಳು ಬಾಯಿ ತೆರೆದುಕೊಂಡೇ ಕಾಯುತ್ತಿದ್ದಳು.